ಸೇತುವೆ ಎದ್ದಿರುವಾಗ

ಡುಲೂತಿನಲ್ಲಿ ಹಡಗು ಬಂತೆಂದರೆ ಸೇತುವೆ ಏಳುತ್ತದೆ.
ಡಿಸೆಂಬರಿನ ಹಡಗು, ಕಬ್ಬಿಣದ ಅದಿರು ಹೊತ್ತದ್ದು,
ಒಂದು ಬೀದಿಯಷ್ಟು ಉದ್ದ, ಆತುರವೇ ಇಲ್ಲ.
ಆಚೆ ಕ್ಲಿನಿಕ್ಕು. ಈಚೆ ಮಾರ್ನಿ ಕೋಸ್ಕೆಲಾ,
ಸ್ಟೀರಿಂಗಿನ ಮೇಲೆ ಬೆರಳು ಕುಟ್ಟುತ್ತ.

ಹದಿನೇಳು ನಿಮಿಷ ತಡ.
"ಹದಿನೈದು ದಾಟಿದರೆ ರದ್ದು" ಎಂದಳು ಕಿಟಕಿಯ ಹುಡುಗಿ,
"ಮುಂದಿನದು ಫೆಬ್ರವರಿ ಒಂಬತ್ತಕ್ಕೆ."
ಸೇತುವೆಯ ಮಾತೆತ್ತಲಿಲ್ಲ ಮಾರ್ನಿ.
ಹಡಗಿನ ನೆಪ ಹೇಳುವವರನ್ನು
ಈ ಊರು ಬೇಕಾದಷ್ಟು ಕಂಡಿದೆ.
ಅಲ್ಲದೆ, ನಿಜ ಹೇಳಬೇಕೆಂದರೆ,
ಕೀ ಹುಡುಕಲು ಹೋದವಳು
ಫ್ರಿಜ್ಜಿನ ಬಾಗಿಲ ರಬ್ಬರು ತಿಕ್ಕುತ್ತ ಕೂತುಬಿಟ್ಟಿದ್ದಳು.

ಗಮನ ನಿಲ್ಲಿಸುವ ಮದ್ದು ಸಿಗಬೇಕಾದರೆ
ಎಷ್ಟೊಂದು ಗಮನವಿಡಬೇಕು ನೋಡಿ:
ತಿಂಗಳಿಗೊಂದು ಹೊಸ ಚೀಟಿ,
ಎರಡು ದಿನ ಮೊದಲೇ ಕೇಳಿದರೆ ಕಳ್ಳಿಯ ಹಾಗೆ ನೋಡುತ್ತಾರೆ,
ಎರಡು ದಿನ ತಡವಾದರೆ ಡಬ್ಬಿಯ ತಳ.
ಹಳೆಯ ಡಾಕ್ಟರು ನಿವೃತ್ತರಾಗಿ ಮೀನು ಹಿಡಿಯುತ್ತಿದ್ದಾರೆ.
ಹೊಸಬರು ಮಕ್ಕಳನ್ನು ಮಾತ್ರ ನೋಡುತ್ತಾರೆ,
ಇನ್ನೊಬ್ಬರಿಗೆ ಅವಳ ವಿಮೆ ಆಗದು,
ಮತ್ತೊಬ್ಬರು ನೂರೈವತ್ತು ಮೈಲಿ.
ಚೀಟಿ ಸಿಕ್ಕ ತಿಂಗಳು ಅಂಗಡಿಯಲ್ಲಿ ಮಾತ್ರೆಯಿಲ್ಲ:
ದೇವರು ಕೊಟ್ಟರೂ ಪೂಜಾರಿ ಕೊಡ.

ರಾತ್ರಿ ಅವಳ ಲಾರಿ ರಸ್ತೆಯ ಹಿಮ ತಳ್ಳುತ್ತದೆ.
ಮಾತ್ರೆ ನುಂಗಿದ ರಾತ್ರಿ, ಅಲಗು, ಅಂಚು, ಅಲಗು, ಅಂಚು.
ಇಲ್ಲದ ರಾತ್ರಿ ತಲೆಯೊಳಗಿನ ಸೇತುವೆ
ತೆಪ್ಪಕ್ಕೂ ಏಳುತ್ತದೆ, ತೇಲುವ ಎಲೆಗೂ ಏಳುತ್ತದೆ.
ಒಮ್ಮೆ ಒಂದೇ ಬೀದಿಯನ್ನು ಮೂರು ಸಲ ತಳ್ಳಿದಳು.
ಆ ಬೀದಿಯವರು ಕಚೇರಿಗೆ ಮೆಚ್ಚುಗೆಯ ಪತ್ರ ಬರೆದರು.

ಜೊತೆಯ ಲಾರಿಯ ಆರ್ವಿಡ್ ಹೇಳಿದ:
ಲಾಂಡ್ರಿಯ ಮಹಡಿಯಲ್ಲಿ ಟ್ವೈಲಾ ಅಂತ ನರ್ಸು,
ಮದ್ದು ಬರೆಯುವ ಲೈಸೆನ್ಸಿದೆ,
ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೆಯುತ್ತಾಳೆ.

ಫೋನಿನಲ್ಲಿ ಆಕೆ ಕೇಳಿದ್ದು ಇಷ್ಟೇ:
"ನಿಮಗೆ ಯಾವ ಹೊತ್ತು ಅನುಕೂಲ?"
ನಲವತ್ತೊಂದು ವರ್ಷ ಯಾರೂ ಕೇಳದ್ದು.
ಉತ್ತರ ಹೊಳೆಯಲಿಲ್ಲ. ಆಕೆ ಕಾದಳು.
ಹಿನ್ನೆಲೆಯಲ್ಲಿ ಯಾರದೋ ಬಟ್ಟೆ ಒಗೆಯುವ ಸದ್ದು.
"ಹಿಂದಿನ ಸಂಜೆ ನಾನೇ ನೆನಪಿಸುತ್ತೇನೆ,
ಬೆಳಿಗ್ಗೆ ಇನ್ನೊಮ್ಮೆ."

ಗುರುವಾರ ಒಂದು ಗಂಟೆ ಮೊದಲೇ ಬಂದಳು,
ಆರನ್ನು ಐದೆಂದು ಓದಿಕೊಂಡು.
ಕೆಳಗಿನ ಬೆಂಚಿನ ಮೇಲೆ ಕೂತು
ದುಂಡು ಗಾಜಿನೊಳಗೆ ಗುರುತಿಲ್ಲದವರ ಹೊದಿಕೆಗಳು
ತಿರುಗುವುದನ್ನು, ಬಿದ್ದು ಮತ್ತೆ ತಿರುಗುವುದನ್ನು,
ಇಡೀ ಒಂದು ಗಂಟೆ ಕಣ್ಣು ಕೀಳದೆ ನೋಡಿದಳು.

ಮೇಲಿನಿಂದ ಹೆಸರು ಕೂಗಿದ್ದು
ಎರಡನೆಯ ಸಲಕ್ಕೆ ಕೇಳಿಸಿತು.