ಉದುರಿದ ಕಾಳಿನ ಲೆಕ್ಕ

ಮೇಡಂ ನಿವೃತ್ತರಾದ ಮೂರನೇ ದಿನ
ಕೋಣೆ ಖಾಲಿ ಮಾಡಲು ನನ್ನನ್ನೇ ಕರೆದರು.
ಹನ್ನೊಂದು ವರ್ಷ ಅವರ ಪ್ರಶ್ನಾವಳಿ ಹೊತ್ತವನು,
ಯಾವ ಗಂಟು ಎಲ್ಲಿದೆ ನನಗೇ ಗೊತ್ತು.
ಕಪಾಟಿನ ತಳದಲ್ಲಿ ಸಿಕ್ಕಿತು ಹಿತ್ತಾಳೆಯ ಅಚ್ಚೇರು,
ಒಳಗಿನ್ನೂ ನಾಲ್ಕು ತೊಗರಿ, ನುಸಿ ತಿಂದವು.

ಉಳಿದವರೆಲ್ಲ ಬೆಲೆಯ ಬಗ್ಗೆ ಬರೆದರು:
ಟವೆಲ್ಲಿನ ಕೆಳಗೆ ಬೆರಳು ಹಿಡಿದು ನಡೆವ ಸವಾಲು,
ಬೆಂಬಲ ಬೆಲೆ, ಬರ್ಮಾದ ಬೇಳೆ.
ತಾಜಸುಲ್ತಾನಾ ಮೇಡಂ ಮಾತ್ರ
ಕಲಬುರಗಿ ಗಂಜಿನಲ್ಲಿ ನೆಲ ನೋಡುತ್ತ ನಡೆದರು.
ಲಾರಿಗೂ ಅಂಗಡಿಗೂ ನಡುವೆ
ಚೀಲವೊಂದರಿಂದ ಉದುರುವುದೆಷ್ಟು?
ಗುಡಿಸಿಕೊಂಡವರಾರು, ಮಾರಿದ್ದು ಎಷ್ಟಕ್ಕೆ?
ಗೈಡು ನಕ್ಕರಂತೆ: ಇದು ಕಸದ ಅರ್ಥಶಾಸ್ತ್ರ.

ಬೆಳಿಗ್ಗೆ ಏಳರಿಂದ ಅಳೆದೆವು,
ಚಂದಮ್ಮನ ಮೊರದ್ದು, ಲಾಲಬಿಯ ಸೆರಗಿನದು,
ಕಲ್ಲು, ಹೊಟ್ಟು, ಬೀಡಿತುಂಡು ಬೇರೆ ಮಾಡಿ.
"ಏನ್ ಬರ್ಕೋತೀರಿ ಬಾಯಾರ, ನಮ್ಮ ಹಣೇಬಾರನಾ?"
"ಇಲ್ಲವ್ವ, ಕಾಳು."

ಮಾಘದ ಹೊತ್ತಿಗೆ ಅಂಕಿ ಒಂದು ಕಡೆ ವಾಲಿತು.
ಅದೇ ಗೋಣಿ, ಅದೇ ತೂಕ,
ಚಂದಮ್ಮ ಗುಡಿಸುವ ಸಾಲಿನಲ್ಲಿ ಮಾತ್ರ
ಚೀಲಕ್ಕೊಂದು ಹಿಡಿ ಹೆಚ್ಚು.
ಅವಳು ಸಾಲು ಬದಲಿಸಿದಳು;
ಹಿಡಿಯೂ ಬೆನ್ನುಹತ್ತಿ ಹೋಯಿತು.
ತೇವ, ಗಾಳಿ, ಹೊಲಿಗೆ, ಚೀಲದ ವಯಸ್ಸು,
ಸಮೀಕರಣಕ್ಕೆ ಏನು ಹಾಕಿದರೂ
ಕೊನೆಗೆ ಅದು ಉಳಿಯುತ್ತಿತ್ತು.

ಕಂಡದ್ದು ನಾನೇ.
ಹಮಾಲ ಮಶಾಕಸಾಬ, ಬೆನ್ನ ಮೇಲೆ ಕ್ವಿಂಟಲು,
ಅವಳೆದುರು ಬಂದಾಗ ಕೊಕ್ಕೆಯನ್ನು
ಒಂದು ಬೆರಳಷ್ಟು ಒಳಗೆ ತಿರುವಿದ.
ಅವಳು ತಲೆ ಎತ್ತಲಿಲ್ಲ.
ಅವನು ನಿಲ್ಲಲಿಲ್ಲ.

ಪದಕ ಗೆದ್ದವನಂತೆ ಓಡಿಹೋಗಿ ಹೇಳಿದೆ.
ಮೇಡಂ ಪೆನ್ನಿಗೆ ಟೊಪ್ಪಿ ಹಾಕಿದರು, ತೆಗೆದರು,
ಚಹಾ ತರಿಸಿದರು, ಒಂದು ಪ್ಲೇಟು ಸುಸಲಾ.
ಅದರ ಮಾತು ಆಡಲೇ ಇಲ್ಲ.

ದಿಲ್ಲಿಯ ಪತ್ರಿಕೆ ಕೇಳಿತ್ತು: ಈ ಶೇಷವನ್ನು ವಿವರಿಸಿ.
ಇವರು ಬರೆದರು: ಅಳತೆಯ ದೋಷ.
ಆ ಎರಡು ಪದಕ್ಕೆ ಲೇಖನ ಮರಳಿ ಬಂತು,
ರೀಡರ್ ಹುದ್ದೆ ಬೇರೆಯವರದಾಯಿತು,
ಕೆಲಸ ಸಡಿಲು ಅಂತ ಕಾರಿಡಾರಿನಲ್ಲಿ ಮಾತು.
ಅಳೆದ ಕೈ ನನ್ನದು. ನನಗೂ ನೋವಾಗಿತ್ತು.

ವರ್ಷಗಳ ಮೇಲೆ, ಯುನಿವರ್ಸಿಟಿ ಬಸ್ಸಿನಲ್ಲಿ,
ಕಿಟಕಿಯ ಕಡೆ ಮುಖ ಮಾಡಿ ಅಂದರು:
"ಅಡತಿ ಸೇಠಗಳೂ ಓದು ಬಲ್ಲವರಪ್ಪ."
ಟಿಕೆಟ್ ಇಬ್ಬರದೂ ಅವರೇ ತೆಗೆದರು.

ಸ್ಟಾಕ್ ರಿಜಿಸ್ಟರಿನಲ್ಲಿ "ಅಚ್ಚೇರು, ಒಂದು" ಎಂದಿದೆ,
ಕಾಳಿಗೆ ಕಲಂ ಇಲ್ಲ.
ಗುಮಾಸ್ತ ಅದನ್ನು ಬೋರಲು ಹಾಕಿ ಮೇಜಿಗೆ ಕುಟ್ಟಿದ.
ನಾನು ಬಗ್ಗಿ ಆರಿಸಿದೆ, ಮೂರು ಸಿಕ್ಕವು.
ನಾಲ್ಕನೆಯದು ಉರುಳುತ್ತ
ಹೊಸ ಪ್ರೊಫೆಸರರ ಕುರ್ಚಿಯ ಕೆಳಗೆಲ್ಲೋ ಹೋಯಿತು.