ಉಗುಳಬ

ತೀನ್ ಕಂದೀಲ್ ಹತ್ರ, ದವಾ ಅಂಗಡಿ ಬಾಜೂಕಿನ ಗ್ವಾಡಿ.
‘ಇಲ್ಲಿ ಉಗುಳಬಾರದು, ದಂಡ ಇನ್ನೂರು’ –
ಅಕ್ಷರಕ್ಕ ಆರು ರೂಪಾಯಿ ಮಾತಾಡಿದ್ರು ನಗರಸಭೆಯವ್ರು,
ಒತ್ತಕ್ಷರಕ್ಕ ಹೆಚ್ಚಿಗಿ ಇಲ್ಲ.

‘ಉಗುಳಬ’ ತನಕ ಬಂದಿದ್ದೆ,
ಕೆಂಪು ಡಬ್ಬಿ ಖಾಲಿ.
ಕುಂಚ ತೊಳದು ಮನಿಗಿ ನಡದೆ.

ಬಾರದೋ, ಬಹುದೋ –
ಕಾನೂನು ರಾತ್ರಿಯೆಲ್ಲಾ
ಒಂಟಿಗಾಲಾಗ ನಿಂತಿತ್ತು.

ಮುಂಜಾನೆ ನೋಡಿದ್ರ
ನನ್ನ ಡಬ್ಬಿಗಿಂತ ಚಲೋ ಕೆಂಪು:
ಊರೇ ವಾಕ್ಯ ಮುಗಿಸಿತ್ತು.

ಸವಾರೆಮ್ಮ ಬಕೀಟ ಇಟಗೊಂಡು
ತೆಂಗಿನ ನಾರಿಲೆ ತಿಕ್ಕಾಕತ್ತಿದ್ಲು.
ಗೋಡೆ ಓದಾಕ ಬರಂಗಿಲ್ಲ ಆಕಿಗಿ,
ಕಲಿ ಮಾತ್ರ ಗೊತ್ತು.

‘ಏನ್ ಬರದೀಯೋ ಖಾಸಿಂ?’
‘ನಿನ್ನ ಸುದ್ದೀನೇ, ಅಕ್ಕಾ’ ಅಂದೆ.

ಬಾಯಾಗಿನ ಎಲಿ
ಹಂಗೇ ನುಂಗಿದೆ.