ಜಾಮೀನು

ಅಜ್ಜನ ಕೋವಿ ಅಟ್ಟದಲ್ಲಿತ್ತು.
ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗುತ್ತಿತ್ತು,
ರಸೀದಿಯಾಗಿ ಮನೆಗೆ ಬರುತ್ತಿತ್ತು.
ಈ ಸಲ ನಾನೇ ಹೇಳಿದೆ: ಅಲ್ಲೇ ಇರಲಿ.
ಮೊಲ ಈಗ ಕಾನೂನು ಪುಸ್ತಕದ ಪೊದೆಯಲ್ಲಿ ಕೂತಿದೆ,
ಸೆಕ್ಷನ್ನುಗಳ ನಡುವೆ ಕಿವಿ ನಿಮಿರಿಸಿ, ಸುಖವಾಗಿ.
ನಾನು ಕೋರ್ಟಿನ ಅಮೀನ.
ಆ ಪೊದೆಯ ಮುಳ್ಳು ನನಗೆ ಗೊತ್ತು.

ಆದರೂ ಐವತ್ತೆರಡರ ಈ ಕೈಗೊಂದು ತುರಿಕೆ:
ಒಂದು ಸಲವಾದರೂ ನನ್ನ ಅನ್ನದ ಬದಿಗಿರುವುದನ್ನು
ನಾನೇ ಹಿಡಿಯಬೇಕು, ನಾನೇ ಕೊಲ್ಲಬೇಕು.
ಪ್ಲಾಸ್ಟಿಕ್ ಚೀಲದಲ್ಲಿ ಮುಖವಿಲ್ಲದೆ ಬರುವುದಲ್ಲ.

"ಹಾಗಾದರೆ ಏಡಿಗೆ ಬನ್ನಿ" ಅಂದಳು ಅಪ್ಪಿಯಕ್ಕ,
ಪಿತ್ರೋಡಿಯವಳು, ಬಲಗೈ ಹೆಬ್ಬೆರಳಲ್ಲಿ ಉಗುರಿಲ್ಲದವಳು.
"ಅಮಾಸೆ ಕಳೆದು ಮೂರನೇ ದಿನ. ಹುಣ್ಣಿಮೆಯದು ಬರೀ ಪೊಳ್ಳು.
ಕ್ಯಾನ್ವಾಸ್ ಬೂಟು ಹಾಕಿ. ಕುಡಿದು ಬರಬೇಡಿ."

ಉದ್ಯಾವರ ಹೊಳೆ ಇಳಿಯುತ್ತಿತ್ತು.
ಕಾಂಡ್ಲದ ಬೇರುಗಳು ಕೆಸರಲ್ಲಿ ಕಾಲೂರಿ ನಿಂತಿದ್ದವು,
ಹೆಸರು ಕೂಗಲು ಕಾದ ಕಕ್ಷಿದಾರರ ಹಾಗೆ.
ಅವಳು ಮೊದಲು ನೆಟ್ಟದ್ದು ಒಂದು ಕೋಲು, ತುದಿಗೆ ಕೆಂಪು ಬಟ್ಟೆ.
"ತಿರುಗಿ ಬರುವ ನೀರು ಇದನ್ನು ಮುಟ್ಟಿದರೆ
ಕೈಯಲ್ಲಿದ್ದದ್ದು ಕೈಯಲ್ಲೇ ಬಿಟ್ಟು ದಡ ಹತ್ತಬೇಕು.
ನನ್ನ ಭಾವ ಹತ್ತಲಿಲ್ಲ."
ಆಮೇಲೆ ಕಬ್ಬಿಣದ ಬಳೆ, ಬಳೆಗೆ ಬಲೆ, ನಡುವೆ ಬಂಗುಡೆಯ ತಲೆ.
ಹೊಳೆಗೆ ವಿಷ ಸುರಿಯುವವರೂ ಇದ್ದಾರಂತೆ.
ಅವರ ಹೆಸರಿನ ಸಮನ್ಸ್ ಒಂದು ದಿನ ನನ್ನ ಚೀಲಕ್ಕೆ ಬರಲಿ,
ಓಡಿಕೊಂಡೇ ಹೋಗಿ ಕೊಡುತ್ತೇನೆ.

ಮೊದಲನೆಯದು ಅಂಗೈ ತುಂಬಲಿಲ್ಲ. "ಮಗು, ಬಿಡಿ."
ಎರಡನೆಯದರ ಹೊಟ್ಟೆಯಡಿ ಕಿತ್ತಳೆ ಬಣ್ಣದ ಮುದ್ದೆ,
ಸಾವಿರ ಸಾವಿರ ಮೊಟ್ಟೆ, ಟಾರ್ಚಿನ ಬೆಳಕಲ್ಲಿ ಉಸಿರಾಡಿದಂತೆ.
"ಇವಳನ್ನು ನೋಡುತ್ತಾ ನಿಲ್ಲಬೇಡಿ. ಬಿಡಿ."
ಮೂರನೆಯವನು ಗಂಡು, ತಟ್ಟೆಯಗಲ.
ಹಿಂದಿನಿಂದ ಹಿಡಿಯಬೇಕಿತ್ತು.
ನಾನು, ಬಾಗಿಲು ತಟ್ಟಿ ರೂಢಿಯಾದವ, ಮುಂದಿನಿಂದ ಹೋದೆ.

"ಎಳೆಯಬೇಡಿ! ನೀರಲ್ಲಿಡಿ ಕೈ, ಸುಮ್ಮನಿರಿ, ಅವನೇ ಬಿಡ್ತಾನೆ!"
ಸುಮ್ಮನಿರುವುದು ಹೇಗೆ?
ಎಳೆದೆ. ಹೆಬ್ಬೆರಳಲ್ಲಿ ಇಕ್ಕಳ ಉಳಿಯಿತು,
ಇಕ್ಕಳದ ಯಜಮಾನ ಇರಲಿಲ್ಲ.
ಜಾಮೀನಿಟ್ಟು ಹೋಗಿದ್ದ.

ನಾಲ್ಕನೆಯದನ್ನು ಅವಳೇ ಹಿಡಿದು, ಒದ್ದೆ ಹಗ್ಗದಲ್ಲಿ ಕಟ್ಟಿ,
ಮಗುವಿಗೆ ಟೊಪ್ಪಿ ಹಾಕುವಷ್ಟು ನಾಜೂಕಾಗಿ,
ನನ್ನ ಬುಟ್ಟಿಗಿಟ್ಟಳು.
"ಕುದಿಯುವ ನೀರಿಗೆ ಜೀವಂತ ಹಾಕುವವರು ಇದ್ದಾರೆ.
ಅವರ ಮನೆಯಲ್ಲಿ ನಾನು ನೀರು ಕುಡಿಯುವುದಿಲ್ಲ.
ಮೊದಲು ಐಸಿನಲ್ಲಿಡಿ, ಪೂರ್ತಿ ನಿದ್ದೆ ಹೋಗಲಿ.
ಆಮೇಲೆ ಹೊಟ್ಟೆಯ ಮುಚ್ಚಳದಡಿ ದಬ್ಬಳ, ಒಂದೇ ಸಲ.
ಎರಡನೇ ಸಲ ಅಂದರೆ ತಪ್ಪು ನಿಮ್ಮದು, ನೋವು ಅದರದು."

ಬೆಳಗಿನ ಐದೂವರೆ. ಅಡುಗೆಮನೆಯ ಕಟ್ಟೆ. ಬ್ಯಾಂಡೇಜಿನ ಕೈ.
ಕಾಲು ಮುಟ್ಟಿದೆ, ಅಲುಗಲಿಲ್ಲ. ಕಣ್ಣು ಮುಟ್ಟಿದೆ, ಅಲುಗಲಿಲ್ಲ.
ನನಗೆ ಎರಡು ಸಲ ಬೇಕಾಯಿತು.

ಮಧ್ಯಾಹ್ನ ಸುಕ್ಕ ಮಾಡಿದಳು ಹೆಂಡತಿ.
ರುಚಿಯಾಗಿತ್ತು. ಅದನ್ನೇನೂ ಮುಚ್ಚಿಡುವುದಿಲ್ಲ.
ಚಿಪ್ಪು ತೆಂಗಿನ ಬುಡಕ್ಕೆ ಹೋಯಿತು.
ಮೂರನೆಯವನ ಇಕ್ಕಳ ಮೇಜಿನ ಖಾನೆಯಲ್ಲಿದೆ,
ಕೋವಿಯ ರಸೀದಿಗಳ ಪಕ್ಕ, ಒಣಗಿ, ಅರೆ ತೆರೆದು.
ಪೊರೆ ಕಳಚಿದಾಗ ಹೊಸತು ಹುಟ್ಟುತ್ತದಂತೆ. ಮೊದಲಿಗೆ ಪುಟ್ಟದು.

ಸೋಮವಾರ ಕಟಪಾಡಿಯಲ್ಲಿ ಒಂದು ಜಪ್ತಿ ನೋಟೀಸು.
ತಟ್ಟಿದೆ. ಒಳಗೆ ಪಾತ್ರೆಯ ಸದ್ದು ನಿಂತಿತು.
ಬಾಗಿಲ ಸಂದಿಯಲ್ಲಿ ಕಡ್ಡಿಯ ಮೇಲಿಟ್ಟಂಥ ಎರಡು ಕಣ್ಣು.
ನನ್ನ ನೆರಳು ಹೊಸಿಲ ಮೇಲೆ ಬಿದ್ದಿತ್ತು.
ಬದಿಗೆ ಸರಿದು ನಿಂತೆ,
ಕೈ ಕೆಳಗಿಟ್ಟು,
ಸುಮ್ಮನೆ.